ಎರಡೂ ಕಿವಿ ಬೇಕು ಈ ಹಾಡಿಗೆ

ಲಿಯೋನ್, ಫ್ರಾನ್ಸ್
23 ಅಕ್ಟೋಬರ್ 2022

ತೀರ್ಥರೂಪ ಅಪ್ಪಯ್ಯನಿಗೆ ಸಾಷ್ಟಾಂಗ ನಮಸ್ಕಾರ. ನಾನು ಕ್ಷೇಮ. ಗಣಪಣ್ಣನನ್ನೂ ಸುಮಾಳನ್ನೂ ಕೇಳಿದೆ ಅಂತ ಹೇಳು.

ಆಯಿ ಬರೆದದ್ದು ಓದಿದಾಗಿನಿಂದ ಸಮಾಧಾನವೇ ಇಲ್ಲ. ನಿನ್ನ ಎಡಗಿವಿ ಸರಿಯಾಗಿ ಕೇಳಿಸ್ತಿಲ್ಲವಂತೆ. ನೀಲೇಕಣಿ ಹತ್ತಿರ ರಸ್ತೆ ದಾಟುವಾಗ ಬೈಕಿನ ಹಾರ್ನ್ ಯಾವ ಕಡೆಯಿಂದ ಬಂತು ಅಂತ ಗೊತ್ತಾಗದೆ ನಡುರಸ್ತೆಯಲ್ಲಿ ನಿಂತುಬಿಟ್ಟೆಯಂತೆ. ಫೋನಿನಲ್ಲಿ ಹೂಂ ಹೂಂ ಅಂದು ಆಯಿಗೆ ಕೊಟ್ಟುಬಿಡ್ತೀಯ. ಅದಕ್ಕೇ ಬರೆದು, ಫೋಟೊ ತೆಗೆದು ಸುಮಾಳ ಮೊಬೈಲಿಗೆ ಕಳಿಸ್ತಿದ್ದೇನೆ. ಪೂರ್ತಿ ಓದಬೇಕು.

ನಾನು ಮಾಳಿಗೆ ಮೇಲೆ ಆಕ್ಸಿಜೆನ್ ಅನ್ನೋ ಸಂಗೀತದ ಆಲ್ಬಂ ಹಾಕಿಕೊಂಡು ಕೂರ್ತಿದ್ದದ್ದು ನೆನಪಿದೆಯಲ್ವಾ? ಇದರಲ್ಲಿ ತಾಳ ಎಲ್ಲಿದೆ ಅಂತ ಕೇಳ್ತಿದ್ದೆ ನೀನು. ಅದನ್ನು ಮಾಡಿದ ಜಾನ್ ಮಿಷೆಲ್ ಜಾರ್ ಹುಟ್ಟಿದ್ದು ಇದೇ ಊರಲ್ಲಿ, 1948ರಲ್ಲಿ. 1976ರಲ್ಲಿ ಮನೆಯಲ್ಲೇ ಸಿಂಥಸೈಜರ್, ಅಂದರೆ ಕರೆಂಟಿನಿಂದ ಸದ್ದು ಹುಟ್ಟಿಸೋ ವಾದ್ಯ, ಜೋಡಿಸಿಕೊಂಡು ಆ ಆಲ್ಬಂ ಮಾಡಿದ್ದರು. ಈಗ ಅವರಿಗೆ 74. ಮೊನ್ನೆ 21ಕ್ಕೆ ಆಕ್ಸಿಮೋರ್ ಅಂತ ಹೊಸ ಆಲ್ಬಂ ಬಂತು. ಅದರಲ್ಲಿರುವ ಬ್ರೂಟಲಿಸಂ ಎಂಬ ಹಾಡನ್ನು ರಾತ್ರಿ ಹೆಡ್‌ಫೋನ್ ಹಾಕಿ ಕೇಳಿದೆ.

ಇದು ಆಕ್ಸಿಜೆನ್ ಹಾಗೆ ತೇಲಿಸಿಕೊಂಡು ಹೋಗೋದಿಲ್ಲ. ಒರಟು. ಪೆಟ್ಟು ಜೋರು. ಶುರುವಿಗೆ ನನಗೆ ಹಿಡಿಸಲಿಲ್ಲ. ಈ ವಯಸ್ಸಿನಲ್ಲಿ ಇಷ್ಟು ಸಿಟ್ಟು ಯಾಕೆ ಅನ್ನಿಸಿತು. ಆಮೇಲೆ ಸದ್ದುಗಳು ಓಡಾಡೋದು ಗೊತ್ತಾಯ್ತು. ರಾತ್ರಿ ಯಕ್ಷಗಾನದ ಆಟಕ್ಕೆ ಹೋದಾಗ ರಂಗಸ್ಥಳದ ಸುತ್ತ ನಡೆದರೆ ಚಂಡೆ ಒಮ್ಮೆ ಈ ಕಿವಿಗೆ, ಒಮ್ಮೆ ಆ ಕಿವಿಗೆ ಬರ್ತದಲ್ಲ, ಹಾಗೆ. ಆಲ್ಬಂ ಇಡೀ ಹೀಗೆ ಸುತ್ತಲಿಂದ ಕೇಳಿಸಲಿ ಅಂತಲೇ ಕಟ್ಟಿದ್ದಾರೆ. ಪಿಯರ್ ಆನ್ರಿ ಅಂತ ಒಬ್ಬ ಹಿರಿಯರು ಇದ್ದರು, ಟೇಪಿನಲ್ಲಿ ಹಿಡಿದ ದಿನನಿತ್ಯದ ಸದ್ದನ್ನೇ ಸಂಗೀತ ಮಾಡಿದವರು. 2017ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಸದ್ದುಗಳನ್ನೂ ಇದರಲ್ಲಿ ಸೇರಿಸಿದ್ದಾರೆ. 74ರ ಮನುಷ್ಯ ತನ್ನ ಹಿರಿಯರಿಗೆ ಹೀಗೆ ಕೈ ಮುಗಿದದ್ದು ನನಗೆ ಹಾಡಿಗಿಂತ ಜಾಸ್ತಿ ಇಷ್ಟವಾಯ್ತು.

ಆಗ ನಿನ್ನ ನೆನಪಾಗಿ ಎಡಗಡೆಯದನ್ನು ಕಿವಿಯಿಂದ ಸರಿಸಿ ಕೇಳಿದೆ. ಸದ್ದು ಇತ್ತು, ಓಡಾಟ ಇಲ್ಲ. ಎಲ್ಲವೂ ಒಂದೇ ಕಡೆ ಬಿದ್ದುಕೊಂಡಿತ್ತು. ಬಲಗಡೆಯ ಸದ್ದು ಎಡಗಿವಿಗೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ತಡವಾಗಿ ಮುಟ್ಟುತ್ತದೆ. ಅಷ್ಟು ಸಾಕು, ತಲೆಗೆ ದಿಕ್ಕು ತಿಳಿಯುತ್ತದೆ. ಒಂದು ಕಿವಿ ಹೋದರೆ ಆ ಲೆಕ್ಕವೇ ಸಿಗೋದಿಲ್ಲ. ನೀಲೇಕಣಿಯಲ್ಲಿ ಆದದ್ದು ಇದೇ, ಅಪ್ಪಯ್ಯ. ನನಗೆ ಹಾಡು ಮುಂದೆ ಕೇಳೋಕೆ ಆಗಲಿಲ್ಲ.

ವಯಸ್ಸಾಯ್ತು ಅಂತ ಸುಮ್ನೆ ಕೂರಬೇಡ. ವಯಸ್ಸಿನಿಂದ ಬರೋದು ಸಾಮಾನ್ಯವಾಗಿ ಎರಡೂ ಕಿವಿಗೆ ಬರ್ತದೆ. ಒಂದೇ ಕಿವಿ ಅಂದರೆ ತೋರಿಸಲೇಬೇಕು. ಬರೀ ಗುಗ್ಗೆ ಕಟ್ಟಿರಬಹುದು, ತೆಗೆದರೆ ಮುಗೀತು. ನರದ ತೊಂದರೆಯಾದರೆ ಮಾತ್ರ ದಿನ ಕಳೆದಷ್ಟೂ ಕಷ್ಟ. ಎಣ್ಣೆ ಕಾಸಿ ಬಿಡಬೇಡ. ಅಡಿಕೆ ಕೊನೆಕೊಯ್ಲು ಮುಗೀಲಿ ಅನ್ನಲೂ ಬೇಡ. ಗೋಪೂಜೆ ಮುಗಿದ ಮರುದಿನವೇ ಗಣಪಣ್ಣನ ಕಾರಿನಲ್ಲಿ ಹುಬ್ಬಳ್ಳಿಗೆ ಹೋಗಿ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳಿಸ್ತದೆ ಅನ್ನೋ ಪರೀಕ್ಷೆ, ಮಾಡಿಸು. ಕಿವಿಗೆ ಹಾಕೋ ಮಷಿನ್ ಬೇಕು ಅಂದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗೋಣ, ನಾನೇ ಬರ್ತೇನೆ. ಇಷ್ಟು ವರ್ಷ ಚಂಡೆ ಪಕ್ಕ ಕೂತು ಮದ್ದಲೆ ಬಾರಿಸಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳು. ಇಲ್ಲಿ ಸಂಗೀತ ಕಾರ್ಯಕ್ರಮದ ಸದ್ದು 102 ಡೆಸಿಬೆಲ್ ದಾಟಬಾರದು ಅಂತ ಕಾನೂನೇ ಇದೆ. ಕಿವಿಗೆ ತುರುಕಿಕೊಳ್ಳೋ ಬಿರಡೆ ಪುಕ್ಕಟೆ ಕೊಡ್ತಾರೆ. ನಮ್ಮ ಹಿಮ್ಮೇಳದವರಿಗೂ ಅದು ಸಿಗಬೇಕಿತ್ತು.

ದುಡ್ಡಿನ ಚಿಂತೆ ಬೇಡವೇ ಬೇಡ, ಇವತ್ತೇ ಹಾಕ್ತೇನೆ. ನಾನು ಆರಾಮ ಇದ್ದೇನೆ. ಊಟ ಸರಿಯಾಗಿದೆ, ಚಳಿ ಅಷ್ಟೇನಿಲ್ಲ, ಸ್ವೆಟರ್ ಇದೆ, ಕೆಲಸವೂ ಹಗುರ. ನಿಜವಾಗಿ ಆರಾಮ ಇದ್ದೇನೆ ಅಂತ ಆಯಿಗೆ ಹೇಳು. 30ಕ್ಕೆ ಇಲ್ಲಿ ಇಡೀ ದೇಶದ ಗಡಿಯಾರ ಒಂದು ತಾಸು ಹಿಂದೆ ಹೋಗ್ತದೆ. ಆಮೇಲೆ ನನ್ನ ಫೋನ್ ತಡವಾಗಿ ಬಂದರೆ ಗಾಬರಿ ಬೇಡ.

ದೀಪಾವಳಿ ದೊಡ್ಡಹಬ್ಬ ಚೆನ್ನಾಗಿ ಮಾಡಿ. ಟ್ರಾಮಿಗೆ ಹೊತ್ತಾಯ್ತು. ಡಾಕ್ಟರ ಚೀಟಿಯ ಫೋಟೊ ಕಳಿಸೋಕೆ ಸುಮಾಗೆ ಹೇಳು.

ನಿನ್ನ ಮಗ
ರಾಘು