ಗೇಮಲ್ಲಿ ಸಂಪಾಜೆ ಘಾಟಿ ಇಳಿಸ್ಬೇಕು, ನಾಕ್ ಜನ ಜೊತೆಗೆ ಬೇಕಾಗಿದ್ದಾರೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ವಾಚಕರ ಪತ್ರ ಅಂದ್ರೆ ರಸ್ತೆ ಗುಂಡಿ, ಆನೆ ಕಾಟ, ಮೂರು ದಿನದಿಂದ ಕರೆಂಟಿಲ್ಲ ಅಂತ ಬರೆಯೋದು ವಾಡಿಕೆ, ನಂದು ಅದ್ಯಾವ್ದೂ ಅಲ್ಲ ಸಾರ್, ಓದಿ ನಗ್ಬೇಡಿ. ನಂಗೆ ಕಂಪ್ಯೂಟರ್ ಗೇಮಿಗೆ ಮಾಡ್ (ಇರೋ ಗೇಮಿಗೆ ನಮ್ಮ ಬಸ್ಸು, ನಮ್ಮ ರೋಡು ಸೇರಿಸೋದು) ಮಾಡೋಕೆ ಜೊತೆಗಾರರು ಬೇಕು, ಹಂಗೇ ಗೊತ್ತಿರೋರ ಹತ್ರ ಎರಡು ಮಾತು ಸಲಹೆ ಬೇಕು.

ಸುಂಟಿಕೊಪ್ಪದಲ್ಲಿ ನಂದೊಂದು ಚಿಕ್ಕ ಸ್ಟಿಕ್ಕರ್ ಕಟಿಂಗ್ ಅಂಗಡಿ. ಬಸ್ಸು, ಪಿಕಪ್, ಆಟೋ, ಜೀಪು ಬಂದ್ರೆ ರೇಡಿಯಂ ಹಾಕೋದು, ನಡುನಡುವೆ ಮದುವೆ ಕಾಗದದ ಡಿಟಿಪಿ, ಮೊದ್ಲು ನಂಬರ್ ಪ್ಲೇಟೂ ಇತ್ತು, ಎಚ್‌ಎಸ್‌ಆರ್‌ಪಿ ಬಂದ್ಮೇಲೆ ಅದು ಹೋಯ್ತು. ಎರಡು ವರ್ಷದ ಹಿಂದೆ ಒಬ್ಬ ಹೈಸ್ಕೂಲ್ ಹುಡ್ಗ ಬಂದು 'ಅಣ್ಣಾ, ಆ ಬಸ್ಸಿಗೆ ನೀವು ಹಾಕಿದ್ರಲ್ಲ ಸ್ಟಿಕ್ಕರು, ಅದರ ಫೈಲ್ ಕೊಡ್ತೀರಾ' ಅಂದ. ಯಾಕಪ್ಪಾ ಅಂದ್ರೆ ಮೊಬೈಲ್ ತೆಗೆದು ತೋರಿಸ್ದ, ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಅನ್ನೋ ಗೇಮು, ಅದ್ರಲ್ಲಿ ನಮ್ಮ ಕೆಂಪು ಸರ್ಕಾರಿ ಬಸ್ಸು ಇಂಡೋನೇಷ್ಯಾದ ರೋಡಲ್ಲಿ ಓಡ್ತಾ ಇದೆ! ಬಸ್ಸಿನ ಮೈಯ್ಯ ಚಿತ್ರ ಒಂದು ಇಮೇಜ್ ಫೈಲಂತೆ, ಅದಕ್ಕೆ ಲಿವರಿ ಅಂತಾರಂತೆ, ಯಾರು ಬೇಕಾದ್ರೂ ಬರೆದು ಹಾಕ್ಬಹುದಂತೆ. ಇದು ನಾನು ಹದಿನೈದು ವರ್ಷದಿಂದ ಮಾಡ್ತಿರೋ ಕೆಲ್ಸನೇ ಅಲ್ವಾ, ವಿನೈಲ್ ಖರ್ಚಿಲ್ಲ ಅಷ್ಟೆ. ಅವತ್ತು ರಾತ್ರಿನೇ ಕೂತು ಒಂದು ಮಾಡ್ದೆ, ಅಲ್ಲಿಂದ ಹುಚ್ಚು ಹಿಡಿದಿದ್ದು ಬಿಟ್ಟಿಲ್ಲ.

ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಮಾಡ್ ಅಂದ್ರೆ ಮಾಡಿಫಿಕೇಶನ್ (ಕನ್ನಡದಲ್ಲೂ ಮಾಡು ಅಂತನೇ, ಸರಿಯಾಗೇ ಇದೆ). ಹೊಸ ಗೇಮು ಕಟ್ಟೋದಲ್ಲ. ಬಸ್ಸಿಗೆ ಬಾಡಿ ಕಟ್ಟಿಸ್ತೀವಲ್ಲ ಹಂಗೆ, ಚಾಸಿ ಇಂಜಿನ್ನು ಕಂಪನಿದು, ಮೇಲಿನ ಬಾಡಿ, ಸೀಟು, ಬಣ್ಣ, ಬೋರ್ಡು ನಮ್ದು. 'ಕೆಲ್ಸ ಇಲ್ದೋರ ಕೆಲ್ಸ' ಅನ್ನೋರಿಗೆ ಒಂದು ಮಾತು. ಹುಡುಗರಾಗಿದ್ದಾಗ ಕುಶಾಲನಗರದ ಸೈಬರ್ ಕೆಫೆಲಿ ಗಂಟೆಗೆ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ ಆಡ್ತಿದ್ವಿ, ಅದು 1999ರಲ್ಲಿ ಮಿನ್ ಲೀ ಅನ್ನೋ ಕೆನಡಾದ ಸ್ಟೂಡೆಂಟು ಜೆಸ್ ಕ್ಲಿಫ್ ಅನ್ನೋನ ಜೊತೆ ಸೇರ್ಕೊಂಡು ಹಾಫ್ ಲೈಫ್ ಗೇಮಿಗೆ ಮಾಡಿದ್ದ ಮಾಡ್, ಆಮೇಲೆ ಆ ಗೇಮಿನ ಕಂಪನಿ ವಾಲ್ವ್ ಅದನ್ನೇ ಕೊಂಡ್ಕೊಂಡು 2000ದಲ್ಲಿ ಬಿಡ್ತು. ಇದು ನಂಗೆ ಮೊನ್ನೆ ಮೊನ್ನೆ ಗೊತ್ತಾಗಿದ್ದು. ನಾವೂ ಹಂಗೆ ಆಗ್ತೀವಿ ಅಂತ ಅಲ್ಲ, ನಮಗೆ ಒಂದು ಬಸ್ಸು ನೆಟ್ಟಗೆ ಓಡಿದ್ರೆ ಸಾಕು.

ಈಗ ನಾನು ಕೈ ಹಾಕಿರೋದು ಯೂರೋ ಟ್ರಕ್ ಸಿಮ್ಯುಲೇಟರ್ 2ಕ್ಕೆ. ಜೆಕ್ ದೇಶದ ಎಸ್‌ಸಿಎಸ್ ಅನ್ನೋ ಕಂಪನಿ 2012ರಲ್ಲಿ ಬಿಟ್ಟ ಗೇಮು, ಹಳೇದು ಅನ್ಬೇಡಿ, ಇವತ್ತಿಗೂ ಅಪ್ಡೇಟ್ ಬರ್ತಿದೆ, ಮಾಡ್ ಮಾಡೋರಿಗೆ ಅಂತ, 3ಡಿ ಮಾಡೆಲ್ ಮಾಡೋ ಸಾಫ್ಟ್‌ವೇರು ಬ್ಲೆಂಡರ್‌ಗೆ ಸೇರಿಸೋ ಟೂಲ್ಸ್ ಕಂಪನಿಯೋರೇ ಪುಕ್ಕಟೆ ಕೊಟ್ಟಿದ್ದಾರೆ. ಅದ್ರಲ್ಲಿ ಒಂದು ಬಸ್ ಮಾಡೆಲ್ ಇಟ್ಕೊಂಡು, ಮಾಡಿದವರನ್ನ ಕೇಳಿನೇ ಇಟ್ಕೊಂಡಿದ್ದು, ಬಣ್ಣ ಬರೆದೆ. ಗೇಮಲ್ಲಿ ತೆಗೆದು ನೋಡಿದ್ರೆ ಬಲಗಡೆ 'ಮಡಿಕೇರಿ' ಸರಿ ಇದೆ, ಎಡಗಡೆ ಮಡಿಕೇರಿ ಉಲ್ಟಾ, ಕನ್ನಡಿಲಿ ನೋಡಿದ ಹಂಗೆ. ನಮ್ಮ ಕೆಲಸದಲ್ಲಿ ಗ್ಲಾಸಿನ ಒಳಗಡೆಯಿಂದ ಅಂಟಿಸೋ ಅಕ್ಷರನ ಉಲ್ಟಾನೇ ಕಟ್ ಮಾಡೋದು, ಹಂಗಾಗಿ ಮೊದ್ಲು ನಂದೇ ತಪ್ಪು ಅಂದ್ಕೊಂಡು ಕೋರೆಲ್ (ಸ್ಟಿಕ್ಕರ್ ಡಿಸೈನ್ ಮಾಡೋ ಸಾಫ್ಟ್‌ವೇರು) ಫೈಲಲ್ಲಿ ಎಡಗಡೆದನ್ನ ತಿರುಗಿಸೋಣ ಅಂತ ಹುಡುಕಿದ್ರೆ ಎಡಗಡೆಗೆ ಅಂತ ಬೇರೆ ಚಿತ್ರನೇ ಇಲ್ಲ, ಇರೋ ಒಂದನ್ನ ತಿರುಗಿಸಿದ್ರೆ ಈಗ ಬಲಗಡೆ ಉಲ್ಟಾ! ನನ್ನ ಮಗ ಬಿದ್ದು ಬಿದ್ದು ನಕ್ಕ. ಎರಡು ದಿನ ಬೇಕಾಯ್ತು ಅರ್ಥ ಆಗೋಕೆ. ಬಸ್ಸಿನ ಬಾಡಿನ ಸ್ವೀಟ್ ಬಾಕ್ಸ್ ಬಿಚ್ಚಿ ಹರಡಿದ ಹಂಗೆ ಹರಡಿ ಅದರ ಮೇಲೆ ಚಿತ್ರ ಕೂರಿಸ್ತಾರೆ, ಅದಕ್ಕೆ ಯುವಿ ಅಂತಾರೆ, ಮಾಡೆಲ್ ಮಾಡಿದವರು ಜಾಗ ಉಳಿಸೋಕೆ ಎರಡು ಕಡೆ ಬಾಡಿನೂ ಒಂದೇ ಚಿತ್ರದ ಮೇಲೆ ಮಡಚಿ ಇಟ್ಟಿದ್ರು. ಬಿಳಿ ಬಸ್ಸಿಗೆ ನಡೆಯುತ್ತೆ, ಅಕ್ಷರ ಇರೋ ಬಸ್ಸಿಗೆ ನಡೆಯಲ್ಲ. ಒಂದು ಕಡೆ ಬಿಡಿಸಿ ಬೇರೆ ಜಾಗಕ್ಕೆ ಕೂರಿಸಿದ್ಮೇಲೆ ಎರಡೂ ಕಡೆ ಮಡಿಕೇರಿ ಮಡಿಕೇರಿ ಅಂತ ಬಂತು, ನಿಜವಾದ ಬಸ್ಸಿಗೆ ಅಂಟಿಸಿದಾಗ್ಲೂ ಅಷ್ಟು ಖುಷಿ ಆಗಿರ್ಲಿಲ್ಲ.

ಬಸ್ಸು ಹೆಂಗೋ ಆಗುತ್ತೆ. ಆದ್ರೆ ನಮ್ ಬಸ್ಸು ಜರ್ಮನಿ ರೋಡಲ್ಲಿ ಓಡಿದ್ರೆ ಏನು ಬಂತು? ನಂಗೆ ಬೇಕಿರೋದು ಮಡಿಕೇರಿಯಿಂದ ಸಂಪಾಜೆಗೆ ಇಳಿಯೋ ಘಾಟಿ. ಮಳೆಗಾಲದಲ್ಲಿ ಮಂಜು ಮುಚ್ಚಿ ಹಗಲಲ್ಲೂ ಲೈಟ್ ಹಾಕ್ಕೊಂಡು ಹೋಗೋ ರೋಡು, ಪಾಚಿ ಹಿಡಿದ ಮೋರಿ ಕಟ್ಟೆ, ಬರೆ (ರೋಡ್ ಪಕ್ಕದ ಗುಡ್ಡ) ಕಡಿದ ಕಡೆ ಕೆಂಪು ಮಣ್ಣು. 2018ರ ಆಗಸ್ಟಲ್ಲಿ ಮದೆನಾಡು ಜೋಡುಪಾಲ ಕಡೆ ಬರೆ ಕುಸಿದು ಆ ರೋಡು ಬಂದ್ ಆಗಿದ್ದು ಎಲ್ರಿಗೂ ನೆನಪಿದೆ. ನಂಗೆ ಅದಕ್ಕಿಂತ ಮುಂಚಿನ ರೋಡು ಬೇಕು. ಮಜಾ ಏನಂದ್ರೆ, ನೆಲದ ಎತ್ತರ ತಗ್ಗಿನ ಲೆಕ್ಕ ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ, ಎಸ್‌ಆರ್‌ಟಿಎಂ ಅಂತ, 2000ದ ಫೆಬ್ರವರಿಲಿ ನಾಸಾದ ಸ್ಪೇಸ್ ಶಟಲ್ ರಾಡಾರ್ ಇಟ್ಕೊಂಡು ಮೇಲಿಂದ ಅಳೆದಿದ್ದು. ಅಂದ್ರೆ ಅದ್ರಲ್ಲಿರೋದು ಕುಸಿಯೋಕ್ಕಿಂತ ಮುಂಚಿನ ಗುಡ್ಡ! ಕ್ಯೂಜಿಐಎಸ್ ಅನ್ನೋ ಸಾಫ್ಟ್‌ವೇರಲ್ಲಿ ತೆಗೆದು ಆ ಜಾಗ ದೊಡ್ದು ಮಾಡಿ ಸುಮಾರು ಹೊತ್ತು ಸುಮ್ನೆ ನೋಡ್ತಾ ಕೂತಿದ್ದೆ.

ಆದ್ರೆ ಅದು 30 ಮೀಟರಿಗೊಂದು ಅಳತೆ, ನಮ್ಮ ಒಂದು ತಿರುವು ನಾಕೈದು ಚೌಕದಲ್ಲಿ ಮುಗ್ದೇ ಹೋಗುತ್ತೆ. ಮೇಲಾಗಿ ರಾಡಾರಿಗೆ ಕಾಡಿರೋ ಕಡೆ ನೆಲ ಪೂರ್ತಿ ಕಾಣಲ್ವಂತೆ, ಮರದ ಎತ್ತರನೂ ಲೆಕ್ಕಕ್ಕೆ ಸೇರುತ್ತೆ, ನಮ್ಮಲ್ಲಿ ಮರ ಇಲ್ದಿರೋ ಜಾಗ ಎಲ್ಲಿದೆ ಹೇಳಿ. ಇನ್ನೊಂದು ತಲೆನೋವು, ಗೇಮಲ್ಲಿ ನಿಜವಾದ 19 ಕಿಲೋಮೀಟರು 1 ಕಿಲೋಮೀಟರಿಗೆ ಇಳಿಸ್ತಾರೆ, ಆ ಲೆಕ್ಕದಲ್ಲಿ ಮಾಡಿದ್ರೆ ನಮ್ಮ ಘಾಟಿ ಎರಡು ಹಾಡು ಮುಗಿಯೋದ್ರೊಳಗೆ ಖಾಲಿ. ಹಂಗಾಗಿ ಒಂದು ಐದಾರು ಕಿಲೋಮೀಟರು ಮಾತ್ರ, ಆದ್ರೆ ಇದ್ದ ಅಳತೆಗೇ ಮಾಡೋಣ ಅಂತ ನನ್ನ ಆಸೆ. ಇದು ದಡ್ಡತನನಾ? ಗೊತ್ತಿರೋರು ಹೇಳಿ. ಮ್ಯಾಪ್ ಎಡಿಟರ್ ಗೇಮಿನ ಒಳಗೇ ಇದೆ, ತೆಗೆಯೋದು ಕಲ್ತಿದೀನಿ, ಆದ್ರೆ ಅದ್ರಲ್ಲಿ ನೆಲ ಅನ್ನೋದು ರೋಡಿನ ಎರಡು ಪಕ್ಕಕ್ಕೆ ಅಂಟ್ಕೊಂಡೇ ಬರುತ್ತೆ, ಒಂದು ತಿರುವಿನ ಪಕ್ಕದ ನೆಲ ಕೆಳಗಿನ ತಿರುವಿನ ರೋಡ್ ಮೇಲೆ ಬಂದು ಕೂತ್ಬಿಡುತ್ತೆ. ಗೇಮಲ್ಲೂ ಬರೆ ಕುಸಿತ.

ಅದಕ್ಕೇ ಜನ ಬೇಕಿರೋದು. ಬ್ಲೆಂಡರ್ ಗೊತ್ತಿರೋ ಒಬ್ರು ಬೇಕೇ ಬೇಕು, ಗೇಮಲ್ಲಿರೋದೆಲ್ಲ ಯೂರೋಪಿನ ಮರ, ನಮಗೆ ಕಾಳುಮೆಣಸು ಹಬ್ಬಿರೋ ಸಿಲ್ವರ್ ಓಕ್ ಬೇಕು, ಅದನ್ನ ಕಮ್ಮಿ ಪಾಲಿಗಾನಲ್ಲಿ, ಅಂದ್ರೆ ಮಾಡೆಲ್ಲಿನ ಚಪ್ಪಟೆ ತುಂಡು ಕಮ್ಮಿ ಇರೋ ಹಂಗೆ ಮಾಡ್ಬೇಕು, ಇಲ್ಲಾಂದ್ರೆ ನನ್ನ ಎಂಟು ಜಿಬಿ ರ‍್ಯಾಮಿನ ಲ್ಯಾಪ್‌ಟಾಪು ಗುಡ್ಡ ಹತ್ತೋ ಹಳೇ ಲಾರಿ ಥರ ಏದುಸಿರು ಬಿಡುತ್ತೆ. ಸೌಂಡಿಗೊಬ್ರು. 2020ರ ಅಪ್ಡೇಟಿಂದ ಈ ಗೇಮಲ್ಲಿ ಸೌಂಡೆಲ್ಲ ಎಫ್‌ಮಾಡ್ ಅನ್ನೋ ಸೌಂಡ್ ಸಾಫ್ಟ್‌ವೇರಲ್ಲೇ ಮಾಡ್ಬೇಕಂತೆ, ನಂಗೆ ಅದರ ತಲೆ ಬುಡ ಗೊತ್ತಾಗ್ಲಿಲ್ಲ. ಸೆಕೆಂಡ್ ಗೇರಲ್ಲಿ ಇಳಿಯುವಾಗಿನ ಇಂಜಿನ್ ಸೌಂಡು, ಏರ್ ಬ್ರೇಕ್ ಬಿಟ್ಟಾಗ ಬರೋ ಪುಸ್ಸು, ಕಂಡಕ್ಟರ್ 'ಹೋಲ್ಡಾನ್' 'ರೈಟ್ ರೈಟ್' ಅನ್ನೋದು, ಇದೆಲ್ಲ ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಟಿದೀನಿ, ಹಿಂದೆ ಗಾಳಿ ಸದ್ದು ಜಾಸ್ತಿ. ಡ್ರೈವರ್ ಕಂಡಕ್ಟರ್ ಯಾರಾದ್ರೂ ಪತ್ರಿಕೆ ಓದ್ತಿದ್ರೆ ಅವರೂ ಬರ್ಲಿ, ಕಂಪ್ಯೂಟರ್ ಗೊತ್ತಿರ್ಬೇಕು ಅಂತಿಲ್ಲ, ಪಕ್ಕದಲ್ಲಿ ಕೂತು 'ಈ ತಿರುವು ಇಷ್ಟು ಅಗಲ ಇಲ್ಲಪ್ಪಾ, ಇಲ್ಲಿ ಲಾರಿ ಬಂದ್ರೆ ನಾವು ನಿಲ್ಲಿಸ್ಬೇಕು' ಅಂತ ಹೇಳಿದ್ರೆ ಸಾಕು, ಅದು ಯಾವ ಯೂಟ್ಯೂಬಲ್ಲೂ ಸಿಗಲ್ಲ.

ನೆಟ್ಟಲ್ಲಿ ಜನ ಹುಡುಕ್ಬಾರ್ದಾ ಅಂತ ಕೇಳ್ತೀರಿ. ಹುಡುಕಿದ್ದೆ. ಹೋದ ವರ್ಷ ಒಂದು ಟೀಮಿಗೆ ಸೇರ್ಕೊಂಡು ಹನ್ನೊಂದು ಲಿವರಿ ಮಾಡಿ ಕೊಟ್ಟೆ, ಲೀಡರ್ ಅಂತ ಇದ್ದವನು ಎಲ್ಲ ಪ್ಯಾಕ್ ಮಾಡಿ ತನ್ನ ಹೆಸರು ಹಾಕಿ ಮಾರಿ, ಕೇಳಿದ್ರೆ ನನ್ನನ್ನೇ ಗ್ರೂಪಿಂದ ತೆಗೆದ. ಎಂಥ ಮಾಡೋದು. ಹಂಗಾಗಿ ಈ ಸಲ ಷರತ್ತು ಮೊದ್ಲೇ ಹೇಳ್ಬಿಡ್ತೀನಿ, ಮಾರೋದಿಲ್ಲ, ಯಾರು ಏನು ಮಾಡಿದ್ರು ಅಂತ ಮಾಡ್ ಜೊತೆಗಿರೋ ಫೈಲಲ್ಲಿ ಹೆಸರು ಹಾಕೋದು, ಬೇರೆಯವರ ಮಾಡೆಲ್ ಕೇಳದೆ ಮುಟ್ಟೋದಿಲ್ಲ, ನಿಜವಾದ ಟ್ರಾವೆಲ್ಸ್ ಹೆಸರು ಹಾಕೋದಿಲ್ಲ, ನಾವೇ ಒಂದು ಹೆಸರು ಇಡೋಣ. ಕಾಫಿ ಕೊಯ್ಲಿನ ಟೈಮಲ್ಲಿ, ಹುತ್ತರಿಲಿ ಯಾರೂ ಬರ್ದಿದ್ರೂ ಬೇಜಾರಿಲ್ಲ. ಟೈಮ್ ಎಷ್ಟು ಹಿಡಿಯುತ್ತೆ ಅಂತ ಕೇಳ್ಬೇಡಿ, ನನ್ನ ಹೆಂಡ್ತಿ ದಿನಾ ಕೇಳ್ತಾಳೆ.

ಸಲಹೆ ಕೊಡೋರಿಗೆ ಇನ್ನೆರಡು ಪ್ರಶ್ನೆ. ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸೋದು ಒಳ್ಳೇದಾ, ಇಲ್ಲ ಗ್ರಾಫಿಕ್ಸ್ ಕಾರ್ಡಿರೋ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಗೊಳ್ಳೋದಾ? ನಾಕೈದು ಜನ ಒಂದೇ ಫೈಲಲ್ಲಿ ಕೆಲ್ಸ ಮಾಡಿದ್ರೆ ಒಬ್ರದ್ದು ಇನ್ನೊಬ್ರ ಮೇಲೆ ಬೀಳ್ದಂಗೆ ಹೆಂಗೆ ಇಡ್ತಾರೆ? ಜುಲೈಲಿ ಕರೆಂಟ್ ಹೋಗಿ ಯುಪಿಎಸ್ಸೂ ಕೈ ಕೊಟ್ಟು ಐದು ಗಂಟೆ ಕೆಲ್ಸ ಹೋಯ್ತು ಅಂತ ಅಳೋ ಹಂಗಾಗಿ ಪೂರ್ತಿ ಮೊದಲಿಂದ ಮಾಡ್ದೆ, ಮುಗಿದ್ಮೇಲೆ ಗೊತ್ತಾಯ್ತು ಬ್ಲೆಂಡರ್ ಎರಡೆರಡು ನಿಮಿಷಕ್ಕೆ ತಾನೇ ಒಂದು ಕಾಪಿ ಇಟ್ಟಿರುತ್ತೆ ಅಂತ. ಇಂಥದ್ದನ್ನ ಮೊದ್ಲೇ ಹೇಳೋ ಒಬ್ರು ಬೇಕು ಸಾರ್, ಅಷ್ಟೆ.

ನನ್ನ ಹೆಸರು ವಿಳಾಸ ನಿಮ್ಮ ಕಚೇರಿಗೆ ಬೇರೆ ಕಾಗದದಲ್ಲಿ ಕಳಿಸಿದೀನಿ, ಕೇಳಿ ಬಂದವರಿಗೆ ದಯವಿಟ್ಟು ಕೊಡಿ. ಸುಂಟಿಕೊಪ್ಪಕ್ಕೆ ಬಂದು ಸ್ಟಿಕ್ಕರ್ ಅಂಗಡಿ ಅಂದ್ರೂ ಯಾರಾದ್ರೂ ತೋರಿಸ್ತಾರೆ. ಭಾನುವಾರ ಮಧ್ಯಾಹ್ನ ಮೇಲೆ ಗಿರಾಕಿ ಇರಲ್ಲ, ಟೇಬಲ್ ಖಾಲಿ ಇರುತ್ತೆ, ಕಾಫಿ ಮನೆದು. ಪ್ಲಗ್ ಪಾಯಿಂಟ್ ಮಾತ್ರ ಒಂದೇ ಇರೋದು, ಬರೋರಲ್ಲಿ ಒಬ್ರು ಎಕ್ಸ್‌ಟೆನ್ಷನ್ ಬಾಕ್ಸ್ ಹಿಡ್ಕೊಂಡು ಬನ್ನಿ.

ಇತಿ ತಮ್ಮ ಓದುಗ,
ಸ್ಟಿಕ್ಕರ್ ಅಂಗಡಿಯವ, ಸುಂಟಿಕೊಪ್ಪ