ಮಗ್ಗ ಕಟ್ಟುವ ಮುಂಚೆ

ಬೆಟಗೇರಿ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ಹುಬ್ಬಳ್ಳಿಯ ಮನೆಯಲ್ಲೇ ಕೈಯಾರೆ ಮಗ್ಗ ಕಟ್ಟುತ್ತೀಯಂತೆ. ಕೇಳಿ ತುಂಬಾ ಖುಷಿಯಾಯಿತು. ನೀನು ಕಳಿಸಿದ ಚಿತ್ರವನ್ನೂ ನೋಡಿದೆ. ಸಾಗುವಾನಿ, ಪಾಲಿಶ್ ಅಂತೆಲ್ಲ ಬರೆದಿದ್ದೀಯ. ಅದಕ್ಕೆ ದುಡ್ಡು ಸುರಿಯಬೇಡ. ಹಾಸಿನ, ಅಂದರೆ ಬಟ್ಟೆಯ ಉದ್ದಕ್ಕೆ ಹೂಡುವ, ಎಳೆಗಳನ್ನೆಲ್ಲ ಒಂದೇ ಬಿಗಿಯಲ್ಲಿ ಹಿಡಿದಿಟ್ಟರೆ ಅದೇ ಒಳ್ಳೆ ಮಗ್ಗ. ಹಳೇ ಬಾಗಿಲಿನ ಚೌಕಟ್ಟಿನಿಂದ ಮಾಡಿದ್ದರೂ ಸರಿ.

ನೇಕಾರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವ ನಮ್ಮ ಕಡೆಯ ಕುಣಿ ಮಗ್ಗ ನೋಡಿದ್ದೀಯಲ್ವಾ? ಕಂಬಗಳನ್ನು ನೆಲದಲ್ಲಿ ಹುಗಿದಿರುತ್ತಾರೆ, ಹಾಗಾಗಿ ಅಲುಗಾಡುವುದಿಲ್ಲ. ಕುಣಿಯ ತಂಪಿಗೆ ಹತ್ತಿ ನೂಲು ಬೇಗ ಹರಿಯುವುದೂ ಇಲ್ಲ. ನಿನ್ನದು ಎರಡನೇ ಮಹಡಿ, ಕುಣಿ ತೋಡಲಾಗದು. ನಿಲ್ಲುವ ಚೌಕಟ್ಟಿನ ಮಗ್ಗವೇ ಗತಿ. ಹಣಿಗೆ, ಅಂದರೆ ಅಡ್ಡ ಎಳೆಯನ್ನು ಕೂರಿಸುವ ಬಾಚಣಿಗೆಯಂಥದ್ದು, ಬಡಿದಾಗಲೆಲ್ಲ ಆ ಚೌಕಟ್ಟು ಅಲುಗುತ್ತದೆ. ಆದ್ದರಿಂದ ಕೆಳಗಿನ ತೊಲೆ ಭಾರವಿರಲಿ. ಬೇಸಿಗೆಯಲ್ಲಿ ನೂಲು ಒಣಗದಂತೆ ಹಾಸಿನ ಕೆಳಗೆ ಒದ್ದೆ ಗೋಣಿಚೀಲ ಹರಡು.

ಕೀಲುಗಳಿಗೆ ಮೊಳೆ ಹೊಡೆಯಬೇಡ. ತೂತು ಕೊರೆದು ಬೆಣೆ ಹಾಕಿಸು. ಸಡಿಲಾದರೆ ಬೆಣೆಗೆ ಒಂದು ಪೆಟ್ಟು ಕೊಟ್ಟರಾಯಿತು, ಮನೆ ಬದಲಿಸಿದರೆ ಬಿಚ್ಚಿ ಒಯ್ಯಲೂಬಹುದು. ಬೆಣೆ ಬಿಗಿಯುವ ಮುಂಚೆ ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿ. ಎರಡೂ ಕಡೆಯ ಅಳತೆ ಒಂದೇ ಬರಬೇಕು. ಹಾಸು ಸುತ್ತುವ ಉರುಳೆ, ಬಟ್ಟೆ ಸುತ್ತುವ ಉರುಳೆ ಒಂದಕ್ಕೊಂದು ಸಮನಾಗಿರಲಿ. ಒಂದು ತುದಿ ಸ್ವಲ್ಪ ಹಿಂದಾದರೂ ಅಂಚು ಒಂದು ಕಡೆ ಜೋಲುತ್ತದೆ, ಬಟ್ಟೆ ಓರೆಯಾಗುತ್ತದೆ. ಆಮೇಲೆ ಅಡ್ಡ ನೂಲಿನ ಲಾಳಿಯನ್ನು ಎಷ್ಟು ಚೆನ್ನಾಗಿ ಎಸೆದರೂ ಸರಿ ಹೋಗದು.

ಹಣಿಗೆಯನ್ನು ಮಾತ್ರ ಕೊಂಡು ತಾ. ಅದರ ಹಲ್ಲುಗಳ ನಡುವಿನ ಸಂದು ಮನೆಯಲ್ಲಿ ಮಾಡಿದರೆ ಸಮ ಬರುವುದು ಕಷ್ಟ. ಮೊದಲಿಗೆ 20 ನಂಬರಿನದು ಸಾಕು, ಅಂದರೆ ಎರಡು ಇಂಚಿಗೆ 20 ಸಂದು. ಸಂದಿಗೆ ಎರಡೆರಡು ಎಳೆ ಹಾಕಿದರೆ 12 ಇಂಚು ಅಗಲಕ್ಕೆ 240 ಎಳೆ. ದಪ್ಪ ಹತ್ತಿ ನೂಲು ತಗೋ. ಎರಡೇ ಕಾಲುಮಣೆ ಇರಲಿ. ಒಂದನ್ನು ಒತ್ತಿದರೆ ಬೆಸ, ಇನ್ನೊಂದಕ್ಕೆ ಸರಿ ಎಳೆಗಳು ಮೇಲೇಳಬೇಕು.

ನಿನಗೆ ಇಳಕಲ್ ಸೀರೆ ನೇಯುವಾಸೆ, ನನಗೆ ಗೊತ್ತು. ಅದರಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಒಂದೊಂದು ಎಳೆಗೂ ಕೊಂಡಿ ಹಾಕಿ ಎರಡನ್ನೂ ಸೇರಿಸಬೇಕು. ಮೊದಲು ಕೈವಸ್ತ್ರ ನೇಯಿ, ಕೊಂಡಿಯ ಕೆಲಸ ಆಮೇಲೆ.

ಹಾಸು ಹೂಡಿದ ಮೇಲೆ ಕಣ್ಣು ಮುಚ್ಚಿ, ಬೆರಳ ತುದಿಗಳನ್ನು ಎಳೆಗಳ ಮೇಲೆ ಈ ಅಂಚಿನಿಂದ ಆ ಅಂಚಿಗೆ ಮೆಲ್ಲಗೆ ಆಡಿಸು. ಸಡಿಲ ಎಳೆ ಬೆರಳ ಕೆಳಗೆ ತಗ್ಗುತ್ತದೆ. ಅದನ್ನು ಅಲ್ಲೇ ಬಿಚ್ಚಿ ಎಳೆದು ಕಟ್ಟು. ನೇಯ್ದರೆ ಸರಿಯಾದೀತು ಅಂತ ಬಿಡಬೇಡ. ಅದು ಸಾಲುಸಾಲಿಗೂ ಜಾಸ್ತಿಯಾಗುತ್ತಲೇ ಹೋಗುತ್ತದೆ.

ಧಾರವಾಡದ ಹತ್ತಿರದ ಗರಗಕ್ಕೆ ಒಮ್ಮೆ ಹೋಗಿ ಬಾ. ಅಲ್ಲಿ ರಾಷ್ಟ್ರಧ್ವಜಕ್ಕೆ ಖಾದಿ ನೇಯುತ್ತಾರೆ. ಒಂದು ಎಳೆ ಹರಿದರೆ ಹೇಗೆ ನಿಲ್ಲಿಸಿ ಕಟ್ಟುತ್ತಾರೆ ಅಂತ ಸುಮ್ನೆ ನಿಂತು ನೋಡು.

ಇನ್ನೊಂದು ಮಾತು. ನೀನು ಕೂರುವ ಮಣೆಯಿಂದ ಕಾಲು ನೆಲಕ್ಕೆ ಎಷ್ಟು ದೂರ, ಕೈ ಚಾಚಿದರೆ ಎಷ್ಟು ದೂರ, ಎರಡನ್ನೂ ಅಳೆದು ಕಳಿಸು. ಇಲ್ಲಿಯ ಬಡಿಗನ ಹತ್ತಿರ ಮಾತಾಡಿದ್ದೇನೆ. ನಿನ್ನ ಅಳತೆ ಬಂದ ಮೇಲೇ ಕಟ್ಟಿಗೆ ಕೊಯ್ಯಿಸುತ್ತೇನೆ.

ಇಂತಿ ನಿನ್ನ ಸೋದರಮಾವ