ಮಟರಂಕ ಬಿಸಿನೀರ ಕೊಳಕ್ಕೆ ಹೊರಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಉತ್ತರ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಮಟರಂಕಕ್ಕೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಎಲ್ಸಿ ನ್ಯಾಷನಲ್ ಪಾರ್ಕ್‌ನ ಆ ಕೊಳದ ನೀರು ವರ್ಷವಿಡೀ ಸುಮಾರು 34 ಡಿಗ್ರಿ ಇರುತ್ತದೆ, ಬಹಳ ಹಿತ. ಕೆಲವು ತಿಂಗಳು ಸುತ್ತಲಿನ ಮರಗಳಲ್ಲಿ ಲಿಟಲ್ ರೆಡ್ ಜಾತಿಯ ದೊಡ್ಡ ಬಾವಲಿಗಳು ಸಾವಿರಗಟ್ಟಲೆ ನೇತಾಡುತ್ತವೆ. ಗಲಾಟೆ, ವಾಸನೆ ಎರಡೂ ಜಾಸ್ತಿ. ಆದರೂ ಕೂಗಿ, ಕಲ್ಲೆಸೆದು ಓಡಿಸುವುದು ಬೇಡವೇ ಬೇಡ. ನೀಲಗಿರಿ ಜಾತಿಯ ಹೂಗಳ ಮಕರಂದ ಕುಡಿಯುತ್ತಾ ಪರಾಗ ಹರಡಿ ಕಾಡು ಬೆಳೆಸುವುದು ಇವೇ. ಅಲ್ಲಿ ನಾವು ನೆಂಟರು, ಅಲ್ವಾ?

ಮುಖ್ಯವಾದದ್ದು: ಬಾವಲಿಯನ್ನು ಮುಟ್ಟಬೇಡಿ. ಕೆಳಗೆ ಬಿದ್ದ ಮರಿಯನ್ನೂ ಎತ್ತಬೇಡಿ. ಮಕ್ಕಳಿಗೆ ಮನೆಯಲ್ಲೇ ಹೇಳಿ ಕರೆತನ್ನಿ. ಆಸ್ಟ್ರೇಲಿಯಾದ ಬಾವಲಿಗಳಲ್ಲಿ ರೇಬೀಸ್‌ಗೆ ತೀರ ಹತ್ತಿರದ ಲಿಸ್ಸಾವೈರಸ್ ಇರಬಹುದು. ಕಚ್ಚಿದರೆ, ಪರಚಿದರೆ ಅದು ನಮಗೆ ಬರಬಹುದು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಚಿಕಿತ್ಸೆಯಿಲ್ಲ. ಹಾಗಾಗಿ ಸಣ್ಣ ಗೀರಾದರೂ ಸೋಪು ಹಚ್ಚಿ ಕನಿಷ್ಠ 15 ನಿಮಿಷ ತೊಳೆಯಿರಿ, ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ರೇಬೀಸ್ ಲಸಿಕೆಯನ್ನೇ ಇದಕ್ಕೂ ಕೊಡುತ್ತಾರೆ. ಅವು ಸುಮ್ನೆ ತಲೆ ಮೇಲೆ ಹಾರಿದರೆ ಹೆದರಬೇಕಿಲ್ಲ.

ಹಿಕ್ಕೆ ನೀರಿಗೂ ಬೀಳುತ್ತದೆ. ಬಾಯಿಗೆ ನೀರು ಹೋಗದಂತೆ ನೋಡಿಕೊಳ್ಳಿ.

ಮಳೆಗಾಲದಲ್ಲಿ ಪ್ರವಾಹ, ಮೊಸಳೆಗಳ ಕಾರಣಕ್ಕೆ ಕೊಳ ಮುಚ್ಚುವುದುಂಟು. ಹೊರಡುವ ಮುನ್ನ ಪಾರ್ಕ್‌ನ ವೆಬ್‌ಸೈಟ್ ನೋಡಿ.